ಸೋಮೇಶ್ವರನ ಬಿಟ್ಟು ಅಡರಕಟ್ಟಿಗೆ

ಗದಗಿನಲ್ಲಿ ಊರು ತೋರಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನಮ್ಮ ಮನೆಗೆ ಬರುತ್ತಾರೆ. ತ್ರಿಕೂಟೇಶ್ವರದ ಕಂಬಗಳ ಬಗ್ಗೆ ಏನು ಹೇಳಬೇಕು, ಲಕ್ಕುಂಡಿಯ ಬಾವಿಗೆ ಮಂದಿಯನ್ನು ಯಾವ ಕಡೆಯಿಂದ ಇಳಿಸಬೇಕು ಎಂದು ಕೇಳುತ್ತಾರೆ. ನಾನು ಚಹಾ ಕೊಟ್ಟು, ಅದೆಲ್ಲ ಪುಸ್ತಕದಲ್ಲಿದೆ, ಓದಿಕೊಳ್ಳಿ ಎನ್ನುತ್ತೇನೆ. ಮುದುಕನಿಗೆ ಮರೆವು ಬಂದಿದೆ, ಗೊತ್ತಿಲ್ಲದ್ದಕ್ಕೆ ಹೀಗೆ ಜಾರಿಕೊಳ್ಳುತ್ತಾನೆ ಎಂದು ಅವರು ಅಂದುಕೊಂಡರೂ ಅಡ್ಡಿಯಿಲ್ಲ. ಅವರು ಕೇಳಬೇಕಾದ ಪ್ರಶ್ನೆ ಬೇರೆ. ಒಂದೇ ದಿನ ಕೈಯಲ್ಲಿದೆ, ನೋಡುವಂಥವು ಹತ್ತಾರಿವೆ, ಇದರಲ್ಲಿ ಯಾವುದನ್ನು ಬಿಡಬೇಕು? ನನ್ನ ಹೊಟ್ಟೆ ತುಂಬಿಸಿದ್ದು ಈ ಪ್ರಶ್ನೆಯೇ. ತೋರಿಸುವುದನ್ನು ಯಾರಾದರೂ ಮಾಡುತ್ತಾರೆ. ಬಿಡುವುದಕ್ಕೆ ಧೈರ್ಯ ಬೇಕು, ಬೈಸಿಕೊಳ್ಳುವ ತಯಾರಿಯೂ ಬೇಕು.

ನಾನು ಸೇರಿದ್ದು ರೈಲ್ವೆ ಸ್ಟೇಷನ್ನಿನ ಹತ್ತಿರದ ಒಂದು ಸಣ್ಣ ಟ್ರಾವೆಲ್ಸ್ ಆಫೀಸಿಗೆ. ಮಾಲೀಕರನ್ನು ನಾವೆಲ್ಲ ಸಾವ್ಕಾರ್ರು ಎನ್ನುತ್ತಿದ್ದೆವು. ಮಾತಿನ ಮನುಷ್ಯ, ಒಳ್ಳೆಯ ಮನುಷ್ಯ, ಆದರೆ ಬಿಡುವುದು ಎಂಬ ಶಬ್ದ ಅವರ ಬಾಯಲ್ಲೇ ಇರಲಿಲ್ಲ. ಅವರು ಹಂಚುತ್ತಿದ್ದ ಹ್ಯಾಂಡ್‌ಬಿಲ್ಲಿನಲ್ಲಿ ಗದಗ-ಬೆಟಗೇರಿ, ಲಕ್ಕುಂಡಿ, ಡಂಬಳ, ಶಿರಹಟ್ಟಿ, ಮಾಗಡಿ ಕೆರೆ, ಲಕ್ಷ್ಮೇಶ್ವರ ಎಲ್ಲವೂ ಒಂದೇ ದಿನದಲ್ಲಿ ಮುಗಿಯುತ್ತಿದ್ದವು. ಡಂಬಳ ಒಂದು ದಿಕ್ಕು, ಲಕ್ಷ್ಮೇಶ್ವರ ಇನ್ನೊಂದು ದಿಕ್ಕು, ನಡುವೆ ಊಟವೂ ಆಗಬೇಕಲ್ಲ ಎಂದು ನಾನು ಹೊಸದರಲ್ಲಿ ಕೇಳಿದ್ದೆ. ಸಾವ್ಕಾರ್ರು ನಕ್ಕು, "ಏ ತಮ್ಮಾ, ಮಂದಿ ನೋಡಾಕ ಬರೂದಿಲ್ಲೋ, ನೋಡೇವಿ ಅಂತ ಊರಾಗ ಹೇಳಾಕ ಬರ್ತಾರ" ಎಂದಿದ್ದರು.

ಅವರ ಮಾತು ಪೂರ್ತಿ ಸುಳ್ಳಲ್ಲ ಎಂಬುದೇ ತೊಂದರೆ. ಆ ಹ್ಯಾಂಡ್‌ಬಿಲ್ ನಂಬಿ ದಕ್ಷಿಣದ ಕಡೆಯಿಂದ ಒಂದು ದೊಡ್ಡ ಗುಂಪು ಬಂದಿತ್ತು. ಬೆಳಗ್ಗೆ ಬಲು ಉತ್ಸಾಹ. ಲಕ್ಕುಂಡಿಗೆ ಬರುವಷ್ಟರಲ್ಲಿ, ಈ ಗುಡಿ ಆಗಲೇ ನೋಡಿದೆವಲ್ಲ ಎಂದು ಒಬ್ಬರು ಕೇಳತೊಡಗಿದರು. ನೋಡಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಎಲ್ಲ ಗುಡಿಯೂ ಒಂದೇ ಥರ ಕಾಣುತ್ತದೆ, ಅಷ್ಟೇ. ಲೆಕ್ಕ ತಪ್ಪಬಾರದೆಂದು ಸಾವ್ಕಾರ್ರು ತಾವೇ ಗಾಡಿಯಲ್ಲಿ ಕೂತು ಎಲ್ಲರನ್ನೂ ದಬ್ಬುತ್ತಿದ್ದರು. ಡಂಬಳದ ದಾರಿ ಹಿಡಿದು ಬಹಳ ದೂರ ಹೋದ ಮೇಲೆ ಒಬ್ಬ ಹೆಣ್ಣುಮಗಳು ತನ್ನ ಗಂಡ ಇಲ್ಲ ಎಂದು ಎದ್ದು ನಿಂತಳು. ವಾಪಸ್ಸು ಬಂದು ನೋಡಿದರೆ ಆತ ಲಕ್ಕುಂಡಿಯ ಮುಸುಕಿನ ಬಾವಿಯ ತಂಪು ಮೆಟ್ಟಿಲ ಮೇಲೆ ಟವೆಲ್ಲು ಹಾಸಿ ಮಲಗಿದ್ದ. ಎಬ್ಬಿಸಿದರೆ, ಇಡೀ ದಿನದಲ್ಲಿ ನನಗೆ ಸೇರಿದ ಜಾಗ ಇದೊಂದೇ, ನೀವೆಲ್ಲ ನೋಡಿಕೊಂಡು ಬನ್ನಿ, ಇಲ್ಲೇ ಇರುತ್ತೇನೆ ಎಂದ. ಸಾವ್ಕಾರ್ರಿಗೆ ಸಿಟ್ಟು ನೆತ್ತಿಗೇರಿತ್ತು. ನನಗೆ ಮಾತ್ರ ಆ ಮನುಷ್ಯನ ಮೇಲೆ ಒಳಗೊಳಗೇ ಗೌರವ ಹುಟ್ಟಿತು.

ಆಮೇಲೆ ನಾನು ಮುಖ ನೋಡಿ ಬಿಡುವುದನ್ನು ಕಲಿತೆ. ಮುಖ ಎಂದರೆ ಮುಖವೊಂದೇ ಅಲ್ಲ, ಕಾಲು ಕೂಡ. ಗುಡಿಯ ಹೊರಗೆ ಚಪ್ಪಲಿ ಬಿಡುವಾಗ ಒಂದು ಗಳಿಗೆ ತಡೆದು ನಿಲ್ಲುವವರಿಗೆ ಮುಂದಿನ ಗುಡಿ ಬೇಡ. "ಇನ್ನೂ ಎಷ್ಟ ಅದಾವ್ರಿ?" ಎಂದು ನಗುತ್ತ ಕೇಳುವವರು ನಗುತ್ತಿರುವುದಿಲ್ಲ. ಹಿರೇಹಂದಿಗೋಳದ ಒಕ್ಕಲುತನದ ಮಂದಿ ಒಮ್ಮೆ ಮನೆಯ ಹಿರಿಯರನ್ನು ಕರೆದುಕೊಂಡು ಬಂದಿದ್ದರು. ಒಬ್ಬ ಅಜ್ಜ ವೀರನಾರಾಯಣನಿಗೆ ಕೈಮುಗಿದು ಹೊರಗೆ ಬಂದವರೇ, ಇನ್ನು ಸಾಕು, ಒಂದು ಕಡೆ ಕೂತು ಮಿರ್ಚಿ ತಿನ್ನೋಣ ಎಂದರು. ಉಳಿದವರು ನಾಚಿಕೊಂಡರು, ಅಷ್ಟು ದೂರ ಬಂದು ಬಜ್ಜಿ ತಿಂದು ಹೋಗುವುದೇ ಎಂದು. ನಾನು ಅಜ್ಜನ ಪಕ್ಷ ವಹಿಸಿದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಆಗುವಷ್ಟರಲ್ಲಿ ಅಜ್ಜ ಹಳೆಯ ಸಂತೆಗಳ ಕತೆ ತೆಗೆದರು. ಮೊಮ್ಮಕ್ಕಳು ಅಂಥವನ್ನು ಹಿಂದೆಂದೂ ಕೇಳಿರಲಿಲ್ಲವಂತೆ. ಆ ದಿನ ಮೂರು ಗುಡಿ ಬಿಟ್ಟೆವು, ಯಾರೂ ಅವುಗಳ ಹೆಸರೆತ್ತಲಿಲ್ಲ.

ಹಿರೇವಡ್ಡಟ್ಟಿಯ ಹೆಣ್ಣುಮಕ್ಕಳದು ಇನ್ನೊಂದು ಬಗೆ. ಅವರನ್ನು ಗಂಡಸರ ಎದುರು ಏನು ಬೇಕು ಎಂದು ಕೇಳಿದರೆ, "ಹಿರೇರು ಅಂದಂಗ" ಎಂದುಬಿಡುತ್ತಾರೆ. ಹಿರಿಯರು ದೇವರನ್ನು ಬಿಟ್ಟು ಬೇರೆ ಹೇಳುವುದಿಲ್ಲ. ಖರೆ ಮಾತು ಹೊರಗೆ ಬರುವುದು ಬುತ್ತಿ ಬಿಚ್ಚಿದಾಗ. ಗಿಡದ ನೆರಳಿಗೆ ಕೂತು ರೊಟ್ಟಿ, ಗುರೆಳ್ಳು ಚಟ್ನಿ, ಬದನೆಕಾಯಿ ಪಲ್ಲೆ ಹಂಚುವಾಗ ನಾನೂ ಒಂದು ರೊಟ್ಟಿ ಕೈಯಲ್ಲಿ ಹಿಡಿದು ಹೆಣ್ಣುಮಕ್ಕಳ ಕಡೆ ಕೂತೆ. ಅವರಿಗೆ ಬೆಟಗೇರಿಯ ಮಗ್ಗ ನೋಡಬೇಕಿತ್ತು. ಉಡುವ ಸೀರೆಯ ಒಡಲಿಗೆ ಸೆರಗು ಹೇಗೆ ಕೂಡುತ್ತದೆ ಎಂದು ಯಾರೂ ತೋರಿಸಿರಲಿಲ್ಲ. ನೇಕಾರರ ಮನೆಯಲ್ಲಿ ಅವರು ಕೂತ ಜಾಗದಿಂದ ಏಳಲೇ ಇಲ್ಲ. ಹೊರಗೆ ಗಂಡಸರು ಬೀಡಿ ಸೇದುತ್ತ ನನ್ನನ್ನು ಕೆಕ್ಕರಿಸಿ ನೋಡುತ್ತಿದ್ದರು.

ಈಗ ಎಲ್ಲರ ಕೈಯಲ್ಲೂ ಫೋನು. ಯಾವ ಗುಡಿಗೆ ಎಷ್ಟು ನಕ್ಷತ್ರ ಎಂದು ಅದೇ ಹೇಳುತ್ತದೆ. ಮಾಗಡಿ ಕೆರೆಗೆ ಒಂದು ನಕ್ಷತ್ರ ಕಡಿಮೆ ಯಾಕೆ ಎಂದು ಒಬ್ಬ ಹುಡುಗಿ ನನ್ನನ್ನು ಕೇಳಿದಳು. ಬೇಸಿಗೆಯಲ್ಲಿ ಬಂದವರು ಹಕ್ಕಿ ಇಲ್ಲ ಎಂದು ಬರೆದಿದ್ದರು. ಚಳಿಗಾಲದ ಅತಿಥಿ ಬಾತುಗಳು ಬೇಸಿಗೆಯಲ್ಲಿ ಇಲ್ಲೇಕೆ ಇರುತ್ತವೆ? ಫೋನನ್ನು ನಾನು ಹಳಿಯುವುದಿಲ್ಲ. ಯಾವ ಗುಡಿ ಮಧ್ಯಾಹ್ನ ಮುಚ್ಚಿದೆ, ಯಾವ ರಸ್ತೆ ಅಗೆದಿದ್ದಾರೆ ಎಂದು ಅದರಿಂದಲೇ ನಾನೂ ತಿಳಿಯುತ್ತಿದ್ದೆ. ಆದರೆ ಗಾಡಿಯಲ್ಲಿ ಕೂತವರಲ್ಲಿ ಯಾರ ಮನಸ್ಸು ಎಲ್ಲಿದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ, ಪಾಪ.

ಇನ್ನು ಹೇಳಬೇಕಾದದ್ದು ಬೀಗರ ದಿನ. ಈ ಕೆಲಸದಲ್ಲಿ ಇದಕ್ಕಿಂತ ಕಷ್ಟದ ದಿನ ಇನ್ನೊಂದಿಲ್ಲ. ನಿಶ್ಚಯವಾದ ಮೇಲೆ ಹೆಣ್ಣಿನವರು ಗಂಡಿನವರನ್ನು ಕರೆಸಿ ಒಂದು ದಿನ ಸುತ್ತಮುತ್ತ ತೋರಿಸುತ್ತಾರೆ. ಬೀಗರು ಬೇಡ ಎನ್ನುವುದಿಲ್ಲ, ಬೇಕು ಎನ್ನುವುದೂ ಇಲ್ಲ. ಬೇಡ ಎಂದರೆ ಕರೆದವರಿಗೆ ಅವಮಾನ, ಬೇಕು ಎಂದರೆ ಆಸೆಬುರುಕರು. ಇತ್ತ ಹೆಣ್ಣಿನವರು, ಒಂದು ಗುಡಿ ಬಿಟ್ಟರೂ ಮಗಳ ಮರ್ಯಾದೆ ಹೋಯಿತು ಎಂದು ತಿಳಿದಿರುತ್ತಾರೆ. ಹೀಗೆ ಎರಡೂ ಕಡೆಯವರು ಒಬ್ಬರ ಸಲುವಾಗಿ ಒಬ್ಬರು ಬಿಸಿಲಲ್ಲಿ ಬೇಯುತ್ತಾರೆ, ಮನೆಗೆ ಹೋಗಿ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ.

ನಾನು ಕೆಲಸ ಬಿಡುವುದಕ್ಕೆ ಸ್ವಲ್ಪ ಮೊದಲು ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿ ಈರಪ್ಪನವರು ಇಂಥ ಒಂದು ದಿನಕ್ಕೆ ನನ್ನನ್ನು ಕರೆದರು. ಅವರ ಒಬ್ಬಳೇ ಮಗಳನ್ನು ಸಿಂಧನೂರಿನ ಕಡೆಗೆ ಕೊಡುವುದಾಗಿತ್ತು. ಬೀಗರು ಬೆಳಗ್ಗೆ ಗದಗಿಗೆ ಬಂದು ಇಳಿಯುವುದು, ದಾರಿಯಲ್ಲಿ ಎಲ್ಲ ನೋಡುತ್ತ ಸಂಜೆಗೆ ಲಕ್ಷ್ಮೇಶ್ವರ ಮುಟ್ಟುವುದು, ಅಲ್ಲಿ ಸೋಮೇಶ್ವರ ಗುಡಿಯಲ್ಲಿ ಪೂಜೆ, ಆಮೇಲೆ ಮನೆಯಲ್ಲಿ ಊಟ ಮಾಡಿ ಅವರು ತಿರುಗಿ ಹೋಗುವುದು. ಗುಡಿಗೆ ಹೂವಿನ ಹಾರ ಹೇಳಿಯಾಗಿತ್ತು. ಬೀಗರನ್ನು ನೋಡಲು ಊರಿನ ನಂಟರೂ ಅಲ್ಲಿಗೆ ಬರುವವರಿದ್ದರು.

ಬೀಗರು ನಾಲ್ಕು ಜನ: ಹುಡುಗನ ತಂದೆ, ತಾಯಿ, ಚಿಕ್ಕಪ್ಪ, ಮತ್ತು ಹುಡುಗನ ಅಜ್ಜಿ ಬಸಲಿಂಗವ್ವ. ಅಜ್ಜಿಯ ಯಜಮಾನರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಆದರೆ ಮನೆಯ ಕೀಲಿಕೈ ಇನ್ನೂ ಅವರ ಸೊಂಟದಲ್ಲೇ ಇತ್ತು. ಗಾಡಿ ಹೊರಡುವ ಮೊದಲು ಈರಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು.

"ನೋಡ್ರಿ, ಒಬ್ಬಾಕೆ ಮಗಳು. ಬಾಳ ದೂರ ಕೊಡಾಕತ್ತೇನಿ. ಆ ಮನ್ಯಾಗ ಅಜ್ಜಿ ಮಾತಂದ್ರ ಮಾತು. ಇವತ್ತ ಆಕಿ ಮನಸ್ಸಿಗೆ ಬಂತಂದ್ರ ನನ್ನ ಮಗಳ ಬಾಳೇವು ಹಗರ ಆಗತೈತಿ. ಏನೂ ಬಿಡಬ್ಯಾಡ್ರಿ."

ಆತು ಎಂದೆ. ಬೇರೆ ಏನೆನ್ನಲಿ? ಹೆಣ್ಣು ಹೆತ್ತವರ ಮುಖ ಅದು. ಅಜ್ಜಿ ಮಾತ್ರ ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ತ್ರಿಕೂಟೇಶ್ವರದಲ್ಲಿ ಕೈಮುಗಿದು ಕಟ್ಟೆಯ ಮೇಲೆ ಕೂತರು. ವೀರನಾರಾಯಣನಲ್ಲೂ ಹಾಗೇ. ಈರಪ್ಪನವರು ಅವರ ಮುಖವನ್ನೇ ನೋಡುತ್ತ, ಇನ್ನಷ್ಟು ತೋರಿಸಿ, ಇನ್ನಷ್ಟು ಹೇಳಿ ಎಂದು ನನ್ನನ್ನು ತಿವಿಯುತ್ತಿದ್ದರು. ಲಕ್ಕುಂಡಿಯಲ್ಲಿ ಅಜ್ಜಿ ಗಾಡಿಯಿಂದ ಇಳಿಯಲೇ ಇಲ್ಲ. ಉಳಿದವರು ಬಸದಿಯ ಕಡೆ ಹೋದರು. ನಾನು ನೀರು ಕೊಡುವ ನೆವದಿಂದ ಹಿಂದೆ ಉಳಿದೆ.

ಅಜ್ಜಿ ಆಗ ನನ್ನನ್ನು ಕೇಳಿದ್ದು ಗುಡಿಯ ಸುದ್ದಿ ಅಲ್ಲ. ಶಿರಹಟ್ಟಿಯಿಂದ ಮುಂದೆ ನಾವು ಯಾವ ರಸ್ತೆಯಲ್ಲಿ ಹೋಗುತ್ತೇವೆ, ಲಕ್ಷ್ಮೇಶ್ವರದ ಈಚೆ ಕರಿ ಹೊಲಗಳು ಇನ್ನೂ ಇವೆಯೋ ಅಥವಾ ಪ್ಲಾಟು ಮಾಡಿದ್ದಾರೋ, ಮಳೆಗಾಲದಲ್ಲಿ ಹಳ್ಳ ದಾಟಲು ಈಗ ಸೇತುವೆ ಆಗಿದೆಯೋ ಎಂದು. ಸಿಂಧನೂರಿನವರಿಗೆ ಆ ಹಳ್ಳದ ಗೊಡವೆ ಯಾಕೆ? ನಾನು ಮೆಲ್ಲಗೆ, ನಿಮ್ಮ ತವರು ಈ ಕಡೆಯದೇ ಏನ್ರಿ ಎಂದು ಕೇಳಿದೆ. ಅವರು ಬಾಗಿಲ ಆಚೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

"ಅಡರಕಟ್ಟಿ. ಯಾರ ಮುಂದೂ ಅನಬ್ಯಾಡೋ ತಮ್ಮಾ."

ಆಮೇಲೆ ಒಂದೊಂದೇ ಹೇಳಿದರು. ಎಳೆಯ ವಯಸ್ಸಿನಲ್ಲಿ ಮದುವೆ. ನಾಗರ ಪಂಚಮಿಗೆ ತವರಿಗೆ ಕರೆಯಲು ಅಪ್ಪ ಪ್ರತಿ ವರ್ಷ ಬರುತ್ತಿದ್ದ, ಅತ್ತೆ ಪ್ರತಿ ವರ್ಷ ಬರಿಗೈಲಿ ತಿರುಗಿಸುತ್ತಿದ್ದರು. ಅಪ್ಪ ಹೊಲದ ಕೆಲಸ ಬಿಟ್ಟು ಬಂದು, ಹೊರಗಿನ ಪಡಸಾಲೆಯಲ್ಲಿ ಊಟ ಮಾಡಿ, ಒಬ್ಬನೇ ಹೋಗುವುದನ್ನು ಇವರು ಒಳಗಿನಿಂದ ನೋಡುತ್ತಿದ್ದರಂತೆ. ಅತ್ತೆ ಹೋದ ಮೇಲೆ ಕಳಿಸಲು ಅಡ್ಡಿ ಮಾಡುವವರು ಉಳಿಯಲಿಲ್ಲ. ಅಷ್ಟರಲ್ಲಿ ಕರೆಯುವವರೂ ಉಳಿದಿರಲಿಲ್ಲ. ಅಪ್ಪ ಅವ್ವ ತೀರಿದ್ದರು, ಅಣ್ಣಂದಿರು ಹೊಲ ಮಾರಿ ಊರು ಬಿಟ್ಟಿದ್ದರು. ಇವತ್ತು ಅದರ ಮಗ್ಗುಲಿನಿಂದ ಹಾದು ಹೋಗುತ್ತಾರೆ, ಇಳಿದು ನೋಡಬೇಕು ಎಂಬ ಆಸೆ. ಹಾಗಾದರೆ ಕೇಳಬಾರದೇಕೆ ಎಂದೆ.

"ಹೆಣ್ಣ ಕೊಡವರಿಗೆ ಮೊದಲs ಸಾವಿರ ಭಾರ ಇರತಾವ. ಗಂಡಿನವರು ನಾವು, ನನಗ ಅದು ತೋರಸ್ರಿ ಇದು ತೋರಸ್ರಿ ಅಂತ ಹೆಂಗ ಬಾಯಿ ಬಿಡಲಿ?"

ಊಟ ತಡವಾಯಿತು. ಶಿರಹಟ್ಟಿಯ ಮಠಕ್ಕೆ ಬರುವಷ್ಟರಲ್ಲಿ ಬಿಸಿಲು ಇಳಿಮುಖವಾಗಿತ್ತು. ಮಾಗಡಿ ಕೆರೆ ಬಿಡುವುದು ಸುಲಭ, ಆದರೆ ಅಷ್ಟರಿಂದ ಹೊತ್ತು ಹೊಂದುತ್ತಿರಲಿಲ್ಲ. ಅಡರಕಟ್ಟಿಗೆ ಹೋದರೆ ಸೋಮೇಶ್ವರ ತಪ್ಪುತ್ತದೆ. ಸೋಮೇಶ್ವರ ಎಂದರೆ ನಂದಿಯ ಮೇಲೆ ಜೋಡಿಯಾಗಿ ಕೂತ ಶಿವಪಾರ್ವತಿ, ಮದುವೆ ಗೊತ್ತಾದವರು ನೋಡಲೇಬೇಕಾದ ದೇವರು. ಅದರ ಮೇಲೆ ಈರಪ್ಪನವರ ಸ್ವಂತ ಊರು, ಕಾದು ಕೂತ ನಂಟರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ದಿನ ಸುಸೂತ್ರ ಮುಗಿಯುತ್ತಿತ್ತು. ಅಜ್ಜಿಯೂ ಯಾರ ಮುಂದೂ ಹೇಳಬೇಡ ಎಂದೇ ಹೇಳಿದ್ದರು.  ಆದರೂ ಮಠದ ಅಂಗಳದಲ್ಲಿ ಈರಪ್ಪನವರನ್ನು ಒಬ್ಬರನ್ನೇ ಕರೆದು ಎಲ್ಲವನ್ನೂ ಹೇಳಿದೆ.

ಅವರಿಗೆ ಸಿಟ್ಟೇ ಬಂತು. ಊರ ದೇವರನ್ನು ಬಿಡಿಸಿ ಬೀಗರನ್ನು ಹಳ್ಳಿಯ ಓಣಿಗೆ ಕರೆದುಕೊಂಡು ಹೋಗು ಎನ್ನುತ್ತೀರಲ್ಲ, ಗುಡಿಯಲ್ಲಿ ಕಾದವರು ನನಗೇನೆಂದಾರು ಎಂದರು. ಅಂದೇ ಅನ್ನುತ್ತಾರೆ, ನಾಲ್ಕು ದಿನ ಅಂದು ಬಿಡುತ್ತಾರೆ ಎಂದೆ. ಅವರು ತಿರುಗಿ ಹೊರಟರು. ನಾನು ಹಿಂದಿನಿಂದ, "ಸಿಂಧನೂರಿಂದ ಅಡರಕಟ್ಟಿ ಎಷ್ಟ ದೂರ ಐತೋ, ನಾಳೆ ನಿಮ್ಮ ಮಗಳಿಗಿ ಲಕ್ಷ್ಮೇಶ್ವರನೂ ಅಷ್ಟs ದೂರ ಐತ್ರಿ" ಎಂದೆ. ಸಣ್ಣ ಬಾಯಿಗೆ ದೊಡ್ಡ ಮಾತಾಯಿತೇನೋ. ಅವರು ನಿಂತರು. ಟೊಪ್ಪಿಗೆ ತೆಗೆದು, ತಲೆ ಒರೆಸಿಕೊಂಡು, ಮತ್ತೆ ಹಾಕಿಕೊಂಡರು. ಆಮೇಲೆ ಮನೆಗೆ ಫೋನು ಹಚ್ಚಿ, ಗುಡಿಗೆ ಬರುವುದಾಗುವುದಿಲ್ಲ, ಪೂಜೆ ನೀವೇ ಮುಗಿಸಿ ಎಂದರು.

ಆಮೇಲೆ ಅವರು ಮಾಡಿದ್ದನ್ನು ನಾನು ಇಷ್ಟು ವರ್ಷ ಈ ಕೆಲಸ ಮಾಡಿಯೂ ಯೋಚಿಸಿರಲಿಲ್ಲ. ಗಾಡಿ ಹತ್ತಿ ಬೀಗರಿಗೆ, ಅಡರಕಟ್ಟಿಯಲ್ಲಿ ನನಗೆ ಕಾಳು ಹಾಕುವ ರೈತರೊಬ್ಬರಿದ್ದಾರೆ, ತಮ್ಮ ಮನೆಯ ಚಹಾ ಕುಡಿಸದೆ ಬೀಗರನ್ನು ಕಳಿಸಬೇಡಿ ಎಂದು ಗಂಟು ಬಿದ್ದಿದ್ದಾರೆ, ನನ್ನ ಮರ್ಯಾದೆ ಉಳಿಸಬೇಕು ಎಂದು ಕೈಮುಗಿದರು. ಬೀಗರು ಬೇಡ ಎನ್ನುವುದಿಲ್ಲವಲ್ಲ. ಆಗಲಿ ಎಂದರು. ನಮ್ಮ ಡ್ರೈವರ್ ದಾವಲಸಾಬ ನನ್ನ ಮುಖ ನೋಡಿದ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅಜ್ಜಿ ಹಿಂದಿನ ಸೀಟಿನಲ್ಲಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು.

ರೈತನ ಮನೆಯವರಿಗೆ ಇದಾವುದೂ ಗೊತ್ತಿರಲಿಲ್ಲ. ಈರಪ್ಪನವರ ಫೋನಿಗೆ ಗಡಿಬಿಡಿಯಲ್ಲಿ ಜಮಖಾನೆ ಹಾಸಿದ್ದರು. ಮನೆಯಾಕೆ ಗಿರಿಜವ್ವ ನೀರು ಕೊಡುತ್ತ, ಅಜ್ಜಿಯನ್ನು ಯಾವೂರವರೆಂದು ಕೇಳಿದಳು. "ಇದs ಊರವ್ವ" ಎಂದರು ಅಜ್ಜಿ. ಆಗ ಅವರ ಮಗ, ಹುಡುಗನ ತಂದೆ, ಬೆರಗಾಗಿ ತಲೆ ಎತ್ತಿದ. ತಾಯಿಯ ತವರು ಲಕ್ಷ್ಮೇಶ್ವರದ ಕಡೆ ಎಂದಷ್ಟೇ ಅವನಿಗೆ ಗೊತ್ತಿತ್ತು, ಊರಿನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಗಿರಿಜವ್ವ ಮನೆತನದ ಹೆಸರು ಕೇಳಿ, ಅಜ್ಜಿಯ ಕೈಹಿಡಿದು ಹಿಂದಿನ ಓಣಿಗೆ ನಡೆಸಿಕೊಂಡು ಹೋದಳು. ನಾವೆಲ್ಲ ಹಿಂದೆ. ಮನೆ ಇದ್ದ ಜಾಗದಲ್ಲಿ ಈಗ ಯಾರದೋ ಮೇವಿನ ಬಣವೆ ಇತ್ತು, ಪಕ್ಕದಲ್ಲಿ ಎರಡು ಎಮ್ಮೆ ಕಟ್ಟಿದ್ದವು. ಬಾಗಿಲ ಮುಂದಿನ ಹಾಸುಗಲ್ಲು ಒಂದು ಉಳಿದಿತ್ತು. ಅಜ್ಜಿ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಳಲಿಲ್ಲ. ಅಳುತ್ತಾರೆ ಎಂದು ನಾನು ಹೆದರಿದ್ದೆ, ಅತ್ತಿದ್ದು ನಾನೇ.

ತಿರುಗಿ ಬಂದು ಚಹಾ ಕುಡಿದು ಏಳುವಾಗ ಗಿರಿಜವ್ವ ಮೊರದಲ್ಲಿ ಕುಂಕುಮ, ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಹೊಸ ಕುಪ್ಪಸದ ಖಣ ಇಟ್ಟುಕೊಂಡು ಬಂದಳು. ಹುಡುಗನ ತಾಯಿಗೆ ಸೆರಗು ಒಡ್ಡಿಸಿ ಉಡಿ ತುಂಬಿ, ಅಜ್ಜಿಯ ಮುಂದೆ ಬಂದು ನಿಂತಳು. ಅಜ್ಜಿ ಸೆರಗು ಎಳೆದುಕೊಂಡು ಹಿಂದೆ ಸರಿದರು.

"ನನಗ ಬ್ಯಾಡ ತಂಗಿ. ನಮ್ಮ ಯಜಮಾನ್ರು ಇಲ್ಲ."

 ಗಿರಿಜವ್ವ ಕುಂಕುಮದ ಬಟ್ಟಲನ್ನು ಮೊರದಿಂದ ತೆಗೆದು ಕಟ್ಟೆಯ ಮೇಲಿಟ್ಟಳು. ಉಳಿದದ್ದನ್ನು ಹಿಡಿದುಕೊಂಡು ಅಲ್ಲೇ ನಿಂತಳು.

"ಗಂಡ ಹೋದರ ತವರ ಹೋಗತೈತೇನಬೇ? ಊರ ಮಗಳು ಬಂದಾಳ, ಬರೇ ಉಡೀಲೆ ಕಳಸಂದ್ರ ನಾ ಕಳಸಾಕಿ ಅಲ್ಲ. ಉಡಿ ಒಡ್ಡು."

ಅಜ್ಜಿ ಉಡಿ ಒಡ್ಡಿದರು. ಅಕ್ಕಿ ಚೆಲ್ಲುವಂತಾಯಿತು. ಸೊಸೆ ಮುಂದೆ ಬಂದು ಸೆರಗಿನ ತುದಿಯನ್ನು ಹಿಡಿದುಕೊಂಡಳು. ಗಂಟು ಕಟ್ಟಿ ಸಿಕ್ಕಿಸಿಕೊಂಡ ಮೇಲೆ ಅಜ್ಜಿ ಸೀದಾ ಈರಪ್ಪನವರ ಮುಂದೆ ಬಂದರು. ಕಾಳು ಹಾಕುವ ರೈತನ ಚಹಾದ ಕತೆ ಬರೀ ನೆವ ಎಂದು ಅವರಿಗೆ ಆಗಲೇ ತಿಳಿದುಹೋಗಿತ್ತು.

"ಬೀಗರs, ಪಂಚಮಿಗಿ ನಿಮ್ಮ ಮಗಳನ್ನ ಕರಿಯಾಕ ಬರ್ರಿ. ದೀಪಾವಳಿಗಿ ಬರ್ರಿ. ನಾ ಇರೂತನ ಕಳಸೂದಿಲ್ಲ ಅನ್ನೂ ಮಾತು ನಮ್ಮ ಮನ್ಯಾಗ ಹುಟ್ಟೂದಿಲ್ಲ."

ಈರಪ್ಪನವರು ಟೊಪ್ಪಿಗೆ ತೆಗೆದು ಅವರಿಗೆ ಕೈಮುಗಿದರು. ಸೋಮೇಶ್ವರ ಗುಡಿಯನ್ನು ಆ ದಿನ ನಾವು ರಸ್ತೆಯಿಂದಲೂ ನೋಡಲಿಲ್ಲ. ಹೊತ್ತು ಮುಳುಗಿತ್ತು, ಸೀದಾ ಮನೆಗೆ ಹೋಗಿ ಎಲೆ ಹಾಕಿಸಿದೆವು.

ಮದುವೆಯಾಯಿತು. ಮೊದಲ ಪಂಚಮಿ ಬಂದಾಗ ಈರಪ್ಪನವರು ಗಾಡಿ ಮಾಡಿಕೊಂಡು ಸಿಂಧನೂರಿಗೆ ಹೋದರು. ಮಾತು ಮಾತೇ, ಕಳಿಸುವ ಹೊತ್ತಿಗೆ ಏನಾಗುತ್ತದೋ ಎಂದು ದಾರಿಯುದ್ದಕ್ಕೂ ಅಳುಕಿತ್ತಂತೆ. ಹೋಗಿ ನೋಡಿದರೆ ಮಗಳು ಸೀರೆ ಉಟ್ಟು ತಯಾರಾಗಿ ನಿಂತಿದ್ದಳು, ಚೀಲ ತುಂಬಿ ಕಟ್ಟೆಯ ಮೇಲೆ ಇಟ್ಟಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಚೀಲ ಇತ್ತು. ಇದು ಯಾರದು ಎಂದು ಕೇಳುವಷ್ಟರಲ್ಲಿ ಬಸಲಿಂಗವ್ವ ಒಳಗಿನಿಂದ ಬಂದು, ಸೊಂಟದ ಕೀಲಿಕೈ ಬಿಚ್ಚಿ ಸೊಸೆಯ ಕೈಗೆ ಕೊಟ್ಟು, ತಮ್ಮನ್ನು ಅಡರಕಟ್ಟಿಯಲ್ಲಿ ಇಳಿಸಿ ಮುಂದೆ ಹೋಗಬೇಕೆಂದು ಹೇಳಿ, ಗಾಡಿ ಹತ್ತಿ ಕೂತರಂತೆ.